ಕೊನೆಯ ಸಾಲು ನುಂಗುವ ಪ್ರಿಂಟರ್

ನಮ್ಮ ಎರಡನೆಯ ಭಾವ ಏನು ಕೆಲಸ ಮಾಡುತ್ತಾರೆ ಎಂಬುದು ನಮ್ಮ ಮನೆಯಲ್ಲಿ ಬಹುಕಾಲ ಇತ್ಯರ್ಥವಾಗದೆ ಉಳಿದ ವಿಷಯ. ಮೊದಲನೆಯ ಭಾವನ ವಿಚಾರದಲ್ಲಿ ಈ ತಕರಾರಿಲ್ಲ. ಅವರು ಸೇತುವೆ ಕಟ್ಟುವವರು. ಸೇತುವೆ ಕಣ್ಣಿಗೆ ಕಾಣುತ್ತದೆ, ಅದರ ಮೇಲೆ ಓಡಾಡಬಹುದು, ಅದರ ಪಕ್ಕದ ಕಲ್ಲಿನಲ್ಲಿ ಅವರ ಹೆಸರನ್ನೂ ಕೆತ್ತಿದ್ದಾರೆ. ನಮ್ಮಪ್ಪ ಬೆಳಗಿನ ವಾಕಿಂಗನ್ನು ಆ ಸೇತುವೆಯ ಮೇಲೆಯೇ ಮಾಡುತ್ತಾರೆ. ಜೊತೆಯವರು ಯಾರೂ ಆ ಕಲ್ಲನ್ನು ಓದದೆ ಮುಂದೆ ಹೋಗುವಂತಿಲ್ಲ.

ಎರಡನೆಯ ಭಾವ ಕಂಪ್ಯೂಟರಿನ ಕರ್ನೆಲ್ ವಿಭಾಗದಲ್ಲಿ ರಿಪೇರಿ ಮಾಡುವವರು. ಕರ್ನೆಲ್ ಎಂದರೆ ಕಂಪ್ಯೂಟರಿನ ಒಳಗಿನ ಒಳಗೆ ಕೂತು ಇಡೀ ಯಂತ್ರವನ್ನು ನಡೆಸುವ ಪ್ರೋಗ್ರಾಮ್. ಪಾಪ, ಅದಕ್ಕೆ ಪ್ರಿಂಟರು, ಮೌಸು, ಕ್ಯಾಮೆರಾಗಳ ಭಾಷೆ ಬರುವುದಿಲ್ಲ. ಒಂದೊಂದು ಸಾಮಾನಿಗೂ ಒಬ್ಬೊಬ್ಬ ದುಭಾಷಿ ಬೇಕು. ಆ ದುಭಾಷಿಗೆ ಡ್ರೈವರ್ ಎನ್ನುತ್ತಾರೆ. ಸಾಮಾನು ಹಳತಾಗುತ್ತದೆ, ಕರ್ನೆಲ್ ಹೊಸದಾಗುತ್ತಲೇ ಹೋಗುತ್ತದೆ, ನಡುವೆ ದುಭಾಷಿ ತಡವರಿಸುತ್ತಾನೆ. ಅವನ ನಾಲಿಗೆ ತಿದ್ದುವುದು ಭಾವನ ಉದ್ಯೋಗ. ಸರಿಯಾಗಿ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ, ತಪ್ಪಾಗಿ ಮಾಡಿದರೆ ಲೋಕಕ್ಕೆಲ್ಲ ಗೊತ್ತಾಗುತ್ತದೆ. ನಾನು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟವನು. ನನ್ನ ಕೆಲಸ ಸೊಟ್ಟಗಿದ್ದರೂ ಗೋಡೆಯ ಮೇಲೆ ಕಾಣುತ್ತದೆ. ಹಾಗಾಗಿ ಭಾವನ ಮೇಲೆ ನನಗೆ ಮೊದಲಿನಿಂದಲೂ ಕನಿಕರ.

ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದೆವು. ಅಪ್ಪ ಗಂಟಲು ಸರಿಮಾಡಿಕೊಂಡರು. ಅಪ್ಪ ದಾಖಲೆಗಳ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಅವರು ಗಂಟಲು ಸರಿಮಾಡಿಕೊಂಡರೆ ಯಾರದೋ ಕಡತ ತೆರೆಯಿತು ಎಂದೇ ಅರ್ಥ.

"ಅಳಿಯಂದ್ರೆ, ನಮ್ಮ ವಾಕಿಂಗ್‌ನವರು ಕೇಳ್ತಾ ಇರ್ತಾರೆ, ನಿಮ್ಮ ಎರಡನೇ ಅಳಿಯ ಏನು ಮಾಡಿದಾರೆ, ಎಲ್ಲಿದೆ ಅಂತ. ನಾನು ಏನು ತೋರಿಸಲಿ?"

ಭಾವ ತುತ್ತು ನುಂಗಿದರು. "ತೋರಿಸೋಕೆ ಆಗಲ್ಲ ಮಾವ. ಒಳಗಿರುತ್ತೆ."

"ಯಾವುದರ ಒಳಗೆ?"

"ಎಲ್ಲಾ ಕಂಪ್ಯೂಟರ್ ಒಳಗೂ."

"ಎಲ್ಲಾದ್ರ ಒಳಗೂ ಇರೋನು ದೇವರೊಬ್ಬನೇ," ಎಂದರು ಅಪ್ಪ. "ಅವನನ್ನೂ ತೋರಿಸೋಕಾಗಲ್ಲ, ನಿಜ. ಆದ್ರೆ ಅವನಿಗೆ ನಾನು ಮಗಳನ್ನ ಕೊಟ್ಟಿಲ್ಲ."

ಭಾವನ ಹೆಂಡತಿ, ಅಂದರೆ ನನ್ನ ಎರಡನೆಯ ಅಕ್ಕ, ಮೇಜಿನ ಕೆಳಗೆ ಕಾಲು ಚಾಚಿ ಅಪ್ಪನನ್ನು ಒದೆಯಲು ಹೋಗಿ ನನ್ನನ್ನು ಒದ್ದಳು. ಭಾವನ ಕಿವಿ ಕೆಂಪಾಯಿತು. ಸಾಧು ಮನುಷ್ಯ. ಆದರೆ ಸಾಧು ಮನುಷ್ಯರಿಗೆ ಒಮ್ಮೊಮ್ಮೆ ಪೌರುಷ ಬರುತ್ತದೆ, ಅದೂ ಬರಬಾರದ ಹೊತ್ತಿನಲ್ಲೇ ಬರುತ್ತದೆ.

"ಷಡ್ಡಕರ ಹೆಸರು ಒಂದು ಕಲ್ಲಿನ ಮೇಲಿದೆ ಮಾವ," ಎಂದರು. "ನಾನು ನಿಮ್ಮ ಹೆಸರನ್ನೇ ಹಾಕಿಸ್ತೀನಿ. ಲೋಕದಲ್ಲಿ ಯಾರು ಬೇಕಾದ್ರೂ ಓದಬಹುದು. ಆಮೇಲೆ ಅದನ್ನ ಅಳಿಸೋಕೆ ಯಾರಿಂದಲೂ ಆಗಲ್ಲ."

ಇದು ಪೂರ್ತಿ ಬುರುಡೆಯಲ್ಲ. ಕರ್ನೆಲ್ಲಿಗೆ ಕಳಿಸುವ ಪ್ರತಿಯೊಂದು ತಿದ್ದುಪಡಿಯ ಕೆಳಗೂ ತೊಂದರೆ ತಿಳಿಸಿದವರು ಯಾರು, ತಿದ್ದಿದ್ದನ್ನು ನಿಜವಾದ ಯಂತ್ರದ ಮೇಲೆ ಪರೀಕ್ಷಿಸಿದವರು ಯಾರು ಎಂದು ಹೆಸರು, ಇಮೇಲ್ ವಿಳಾಸ ಸಮೇತ ಬರೆಯುವ ರೂಢಿಯಿದೆ. ಒಮ್ಮೆ ಒಳಗೆ ಹೋದರೆ ಅದು ಚರಿತ್ರೆ. ಅಪ್ಪ ಅನ್ನ ಕಲಸುವುದನ್ನು ನಿಲ್ಲಿಸಿದರು. ಅಳಿಸಲಾಗದ ದಾಖಲೆ ಎಂದರೆ ಅವರಿಗೆ ಮೊದಲಿನಿಂದಲೂ ಪ್ರಾಣ.

ಅಪ್ಪನ ಹೆಸರು ಹಾಕಲು ಒಂದು ತೊಂದರೆ ಬೇಕಲ್ಲ. ಅದು ಹಾಲಿನ ಮೂಲೆಯಲ್ಲೇ ಕೂತಿತ್ತು. ಅಪ್ಪ ನಿವೃತ್ತರಾದಾಗ ಕಚೇರಿಯವರು ಬಿಸಾಡಬೇಕೆಂದಿದ್ದ ಪ್ರಿಂಟರನ್ನು ನೆನಪಿನ ಕಾಣಿಕೆಯಾಗಿ ಕೊಟ್ಟಿದ್ದರು. ಟ್ರಂಕಿನಷ್ಟು ದೊಡ್ಡದು. ಅದನ್ನು ಕಂಪ್ಯೂಟರಿಗೆ ಜೋಡಿಸಲು ನಡುವೆ ಒಂದು ವಿಚಿತ್ರ ಪೆಟ್ಟಿಗೆ. ಭಾವ ಮದುವೆಯಾದ ಹೊಸದರಲ್ಲಿ ಮಾವನನ್ನು ಮೆಚ್ಚಿಸಲು ಆ ಪೆಟ್ಟಿಗೆಯ ಡ್ರೈವರನ್ನು ಸ್ವಲ್ಪ ರಿಪೇರಿ ಮಾಡಿದ್ದರು. ಕರ್ನೆಲ್ ಲೋಕದಲ್ಲಿ ಅನಾಥ ಡ್ರೈವರನ್ನು ಕೊನೆಗೆ ಮುಟ್ಟಿದವನೇ ಅದರ ಉಸ್ತುವಾರಿ. ಹೀಗೆ ಹೆಂಡತಿಯ ಜೊತೆ ಅದೂ ಭಾವನ ಕೊರಳಿಗೆ ಬಿತ್ತು.

ಅಪ್ಪ ಆ ಪ್ರಿಂಟರಿನಲ್ಲಿ ನಗರಸಭೆಗೆ ದೂರು ಮುದ್ರಿಸುತ್ತಿದ್ದರು. ಹಾಳೆಗಳನ್ನು ಒಂದೊಂದಾಗಿ ಕೈಯಿಂದಲೇ ಕೊಡಬೇಕು. ಹಾಳೆ ಮುಗಿದಾಗ ಪ್ರಿಂಟರು 'ತಾಳು' ಎನ್ನುತ್ತದೆ, ಡ್ರೈವರ್ ತಾಳುತ್ತದೆ, ಆದರೆ ಕೈಯಲ್ಲಿ ಹಿಡಿದಿದ್ದ ಸಾಲನ್ನು ಎಲ್ಲೋ ಕೆಳಗಿಟ್ಟು ಮರೆತುಬಿಡುತ್ತದೆ. ಹಾಗಾಗಿ ಪ್ರತಿ ಪುಟದ ಕೊನೆಯ ಸಾಲು ಮಾಯ. ಬೀದಿ ದೀಪದ ಬಗ್ಗೆ ಅಪ್ಪ ಒಂದು ಪುಟ ತುಂಬ ಕತ್ತಲೆಯನ್ನು ವರ್ಣಿಸಿ, ಕೊನೆಯಲ್ಲಿ 'ಆದ್ದರಿಂದ ಕೂಡಲೇ ದೀಪ ಹಾಕಿಸಿ' ಎಂದು ಬರೆದಿದ್ದರು. ಆ ಸಾಲು ನಗರಸಭೆಯನ್ನು ತಲುಪಲಿಲ್ಲ. 'ತಮ್ಮ ವರ್ಣನೆ ಓದಿ ಸಂತೋಷವಾಯಿತು' ಎಂದು ಉತ್ತರ ಬಂತು. ಆ ಸಾಲನ್ನು ಪೆನ್ನಿನಲ್ಲಿ ಬರೆದು ಕಳಿಸಿ ಎಂದರೆ ಅಪ್ಪ ಕೇಳುವವರಲ್ಲ. ಮುದ್ರಿತ ಪತ್ರದ ಮೇಲೆ ಕೈಬರಹ ಎಂದರೆ ಅವರ ಲೆಕ್ಕದಲ್ಲಿ ದಾಖಲೆ ತಿದ್ದಿದ ಹಾಗೆ.

ಮುಂದಿನ ಭಾನುವಾರ ಊಟವಾದ ಮೇಲೆ ಭಾವ ಲ್ಯಾಪ್‌ಟಾಪ್ ಹಿಡಿದು ಪ್ರಿಂಟರಿನ ಮುಂದೆ ಕೂತರು. ಒಂದಿಷ್ಟು ಹೊತ್ತು ಕುಟ್ಟಿದರು. ಆಮೇಲೆ ಒಂದು ಹಾಳೆ ಕೊಟ್ಟು ಮುದ್ರಿಸಿದರು. ಕೊನೆಯ ಸಾಲು ಬಂದಿತ್ತು. ಅದನ್ನು ತೆಗೆದುಕೊಂಡು ಹೋಗಿ ಆರಾಮಕುರ್ಚಿಯಲ್ಲಿದ್ದ ಅಪ್ಪನ ತೊಡೆಯ ಮೇಲಿಟ್ಟರು.

"ಸರಿಯಾಗಿದೆಯಾ ಮಾವ?"

ಅಪ್ಪನ ತಲೆ ನಿಧಾನವಾಗಿ ಮುಂದಕ್ಕೆ ಬಾಗಿತು, ಮತ್ತೆ ಮೇಲೆದ್ದಿತು, ಮತ್ತೆ ಬಾಗಿತು. ಊಟವಾದ ಮೇಲೆ ಅಪ್ಪನ ತಲೆ ದಿನಾಲೂ ಹೀಗೆ ಬಾಗುತ್ತದೆ ಎಂದು ಮನೆಯಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಭಾವ ಯಾರನ್ನೂ ಕೇಳಲಿಲ್ಲ. 'ಪರೀಕ್ಷಿಸಿದವರು' ಎಂದು ಬರೆದು ಮಾವನ ಹೆಸರು ಹಾಕಿ, ಅವರಿಗೆಂದೇ ಒಂದು ಇಮೇಲ್ ವಿಳಾಸ ಮಾಡಿ, ಕಳಿಸಿಯೇಬಿಟ್ಟರು. ಕರ್ನೆಲ್ಲಿನವರು ತೆಗೆದುಕೊಂಡೂಬಿಟ್ಟರು.

ಸುದ್ದಿ ಕೇಳಿ ಅಪ್ಪ ಹಿಗ್ಗಿ ಹೀರೇಕಾಯಿಯಾದರು. ಆ ತಿದ್ದುಪಡಿಯ ಪುಟವನ್ನು ಅದೇ ಪ್ರಿಂಟರಿನಲ್ಲಿ ಮುದ್ರಿಸಿ ನನ್ನ ಅಂಗಡಿಗೆ ತಂದು, "ಚಿನ್ನದ ಅಂಚು ಇರಲಿ, ಗಾಜು ಒಳ್ಳೇದು ಹಾಕು," ಎಂದರು. ಅದು ಹಾಲಿನಲ್ಲಿ, ಬಾಗಿಲಿಗೆ ಎದುರಾಗಿ ನೇತುಬಿತ್ತು. ವಾಕಿಂಗ್ ಗುಂಪು ಮನೆಗೇ ಬಂದು ನೋಡಿತು. ಗುಂಪೆಂದರೆ ಇಬ್ಬರು: ನಿವೃತ್ತ ಲೆಕ್ಕದ ಮೇಷ್ಟ್ರು ಮತ್ತು ಔಷಧಿ ಅಂಗಡಿಯವರು. ಇಬ್ಬರೂ ಕನ್ನಡಕ ಹಾಕಿ ಓದಿದರು, ತೆಗೆದು ಒರೆಸಿ ಮತ್ತೆ ಓದಿದರು. ಹೊಟ್ಟೆಕಿಚ್ಚಿಗೆ ವಯಸ್ಸಿಲ್ಲ ಎಂಬುದು ನನಗೆ ಅಂದು ಖಾತ್ರಿಯಾಯಿತು.

ಅದರ ಮುಂದಿನ ಭಾನುವಾರ ಭಾವ ಬರುವುದನ್ನೇ ಇಬ್ಬರೂ ಕಾಯುತ್ತಿದ್ದರು.

"ನಮ್ಮ ಮನೆ ಫ್ರಿಜ್ ಗೊಣಗುತ್ತೆ," ಎಂದರು ಔಷಧಿ ಅಂಗಡಿಯವರು. "ಮೊದಲು ಕಂಡುಹಿಡಿದಿದ್ದು ನಾನು. ನನ್ನ ಹೆಂಡತಿ ತಾನು ಅಂತಾಳೆ, ನಂಬಬೇಡಿ. ಹೆಸರು ಹಾಕಿಸಿ."

"ಫ್ರಿಜ್ ನನಗೆ ಬರಲ್ಲ ಸರ್," ಎಂದರು ಭಾವ.

"ಅವರದ್ದು ಬಿಡಿ," ಎಂದರು ಮೇಷ್ಟ್ರು. "ನನ್ನ ಕ್ಯಾಲ್ಕುಲೇಟರ್ ತಪ್ಪು ಲೆಕ್ಕ ಕೊಡ್ತಿದೆ."

"ಯಾವ ಲೆಕ್ಕ ತಪ್ಪುತ್ತೆ ಮೇಷ್ಟ್ರೆ?"

"ಲೆಕ್ಕ ಸರೀನೇ. ನನ್ನ ಉತ್ತರಕ್ಕೆ ಹೊಂದಲ್ಲ."

ಭಾವ ಹಿತ್ತಿಲ ಬಾಗಿಲಿನಿಂದ ಹೊರಟುಹೋದರು. ಎಲ್ಲ ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು.

ಅಪ್ಪ ಈಗ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಷರಟು ತೊಟ್ಟು ಮೇಲ್ ತೆರೆಯುತ್ತಿದ್ದರು. ಏನೂ ಇರುತ್ತಿರಲಿಲ್ಲ, ಆದರೂ ತೆರೆಯುತ್ತಿದ್ದರು. ಒಂದು ದಿನ ಇತ್ತು. ಪ್ರಿಂಟರುಗಳ ಡ್ರೈವರುಗಳಿಗೆಲ್ಲ ಮೇಲಿನವರಾದ ದೊಡ್ಡ ಉಸ್ತುವಾರಿ ಬರೆದಿದ್ದರು. ಭಾವನೂ ಅವರ ಮುಖ ಕಂಡವರಲ್ಲ. ಪತ್ರದಲ್ಲಿದ್ದದ್ದು ಇದು: ಯಾರೂ ಬಳಸದ ಹಳೆಯ ಡ್ರೈವರುಗಳನ್ನು ಕಿತ್ತುಹಾಕುತ್ತಿದ್ದೇವೆ. ಇದಕ್ಕೆ ಒಬ್ಬರೇ ಬಳಕೆದಾರರು ಇದ್ದಂತಿದೆ. ಪರೀಕ್ಷಿಸಿದ ಮಹನೀಯರು ದಯವಿಟ್ಟು ಹೇಳಬೇಕು, ಒಂದಕ್ಕಿಂತ ಹೆಚ್ಚು ಹಾಳೆ ಕೊಟ್ಟು ನೋಡಿದಿರಾ? ತಿದ್ದುಪಡಿ ನೋಡಿದರೆ ನನಗೇಕೋ ಅನುಮಾನ. ಉತ್ತರ ಬಾರದಿದ್ದರೆ ಡ್ರೈವರ್ ಹೋಗುತ್ತದೆ. ಇಷ್ಟೇ ವಿಷಯ. ಆದರೆ ಇಂಥ ಪತ್ರವ್ಯವಹಾರವೆಲ್ಲ ಬಹಿರಂಗ. ಲೋಕದ ಕರ್ನೆಲ್ ಮಂದಿ ಅಷ್ಟೂ ಜನ ಓದುತ್ತಾರೆ.

ಸಂಜೆ ಭಾವನಿಗೆ ಕರೆ ಹೋಯಿತು. ಅವರು ಬಂದು ಕೂರುವ ಮೊದಲೇ ಅಪ್ಪ ಕೇಳಿದರು.

"ಅಳಿಯಂದ್ರೆ, ನಾನು ಪರೀಕ್ಷೆ ಮಾಡಿದ್ದು ಯಾವಾಗ?"

"ಆ ಭಾನುವಾರ ಮಾವ. ಹಾಳೆ ನಿಮ್ಮ ತೊಡೆ ಮೇಲಿಟ್ಟೆ. ನೀವು ತಲೆ ಆಡಿಸಿದ್ರಿ."

"ನಾನು ನಿದ್ದೇಲಿದ್ದೆ."

"ಎರಡು ಸಲ ಆಡಿಸಿದ್ರಿ ಮಾವ."

"ನಿದ್ದೇಲಿ ಎಷ್ಟು ಸಲ ಆಡಿಸಿದ್ರೂ ನಿದ್ದೇನೇ."

ಅಪ್ಪ ಎದ್ದು ಹೋಗಿ ಗೋಡೆಯ ಮೇಲಿನ ಚಿನ್ನದ ಅಂಚಿನ ಕಟ್ಟನ್ನು ತಾವೇ ಇಳಿಸಿದರು. ನನ್ನ ಕೈಗೆ ಕೊಟ್ಟು, "ಗಾಜು ಬೇರೆ ಯಾರಿಗಾದ್ರೂ ಆಗುತ್ತೆ," ಎಂದರು. ಆಮೇಲೆ ಭಾವನ ಕಡೆ ತಿರುಗಿ, "ನಾನು ಸರ್ವೀಸಿನಲ್ಲಿ ನೋಡದೆ ಇದ್ದದ್ದನ್ನ ನೋಡಿದೆ ಅಂತ ಒಂದೇ ಒಂದು ಸಹಿ ಹಾಕಿಲ್ಲ. ನೀವು ನನ್ನ ಹೆಸರಲ್ಲಿ ಹಾಕಿದೀರಿ, ಅದೂ ಅಳಿಸೋಕಾಗದ ಕಡೆ," ಎಂದರು. ಕೂಗಾಡಲಿಲ್ಲ. ಅವರು ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಭಾವನ ಮುಖ ನೋಡಿ ನನಗೆ ನಗು ಬರಲಿಲ್ಲ. ನನಗೆ ನಗು ಬರದ ಸಂದರ್ಭಗಳು ಕಡಿಮೆ.

ಮರುದಿನ ಭಾವನ ಕಚೇರಿಯಲ್ಲೂ ಮಂಗಳಾರತಿ ಕಾದಿತ್ತು. ವಿಭಾಗದ ಮುಖ್ಯಸ್ಥೆ ಭಾವನನ್ನು ಕರೆದು, ಬಾಗಿಲು ಹಾಕಿ, ಕಿಟಕಿಯ ಪಕ್ಕದ ಗಿಡಕ್ಕೆ ನೀರು ಹಾಕುತ್ತಾ ಕೇಳಿದರಂತೆ, "ಪರೀಕ್ಷೆ ನಿಜವಾಗಿ ಆಗಿದೆ ತಾನೆ?"

"ಆಗಿದೆ ಮೇಡಂ. ಪರೀಕ್ಷಕರು ಮಲಗಿದ್ರು, ಅಷ್ಟೆ."

ಗಿಡದ ಕುಂಡ ತುಂಬಿ ನೀರು ನೆಲಕ್ಕೆ ಹರಿಯಿತಂತೆ. "ನೋಡಿ," ಎಂದರಂತೆ ಅವರು, "ತಿದ್ದುಪಡಿ ತಪ್ಪಾದ್ರೆ ಯಾರೂ ಏನೂ ಅನ್ನಲ್ಲ, ಎಲ್ಲರೂ ತಪ್ತಾರೆ. ಪರೀಕ್ಷೆ ಸುಳ್ಳಾದ್ರೆ ನಾಳೆ ನೀವು ಬಂಗಾರ ಕಳಿಸಿದ್ರೂ ಯಾರೂ ಮುಟ್ಟಲ್ಲ. ನಿಮ್ಮ ಕೈಲಿರೋ ಡ್ರೈವರ್‌ಗಳೆಲ್ಲ ಬೇರೆಯವರಿಗೆ ಹೋಗುತ್ತೆ. ಆಮೇಲೆ ನಿಮ್ಮನ್ನ ಮೀಟಿಂಗ್‌ಗಳ ವರದಿ ಬರೆಯೋಕೆ ಹಾಕಬೇಕಾಗುತ್ತೆ."

ಭಾವ ಬೇರೇನನ್ನಾದರೂ ತಡೆದುಕೊಂಡಾರು. ಕೆಟ್ಟುಹೋದ ಡ್ರೈವರಿನ ಹೊಟ್ಟೆ ಬಗೆದು ಕೂತಾಗ ಅವರಿಗೆ ಹಸಿವು ನಿದ್ದೆ ಒಂದೂ ತಿಳಿಯುವುದಿಲ್ಲ, ಮುಖದಲ್ಲಿ ಒಂದು ಕಳೆ ಇರುತ್ತದೆ. ಆ ಕೆಲಸ ಕಿತ್ತುಕೊಂಡು ಮೀಟಿಂಗಿನಲ್ಲಿ ಕೂರಿಸಿದರೆ ಮನುಷ್ಯ ಒಣಗಿಹೋಗುತ್ತಾರೆ ಎಂದು ಅಕ್ಕನಿಗೆ ಗೊತ್ತು. ಅವಳು ನೇರ ಅಪ್ಪನ ಬಳಿಗೆ ಬಂದಳು.

"ಅಪ್ಪಾ, ನೋಡಿದೀನಿ ಅಂತ ಒಂದು ಮಾತು ಬರೆದುಬಿಡಿ. ಯಾರು ಬಂದು ಕೇಳ್ತಾರೆ?"

"ನಾನೇ ಕೇಳ್ತೀನಲ್ಲ," ಎಂದರು ಅಪ್ಪ.

ಅಡುಗೆಮನೆಯಿಂದ ಅಮ್ಮ ಬಂದಳು. ಆ ಪ್ರಿಂಟರಿಗೂ ಅಮ್ಮನಿಗೂ ಹಳೆಯ ವೈರ. ಅವಳು ಅದನ್ನು ಪೆಟ್ಟಿಗೆ ಎಂದೇ ಕರೆಯುವುದು. ಅದು ಹಾಲಿನಲ್ಲಿ ಬೆಳಕಿರುವ ಮೂಲೆಯನ್ನೇ ಹಿಡಿದಿತ್ತು. ಅಮ್ಮನ ಹೊಲಿಗೆ ಮೆಷಿನ್ ಕತ್ತಲೆಯ ಪಡಸಾಲೆಯಲ್ಲಿತ್ತು. ಪ್ರಿಂಟರು ಶುರುವಾದರೆ ಮಹಡಿಯ ಮನೆಯವರು ಭೂಕಂಪವೇ ಎಂದು ಇಣುಕಿ ಕೇಳುತ್ತಿದ್ದರು.

"ಇದ್ದದ್ದು ಇದ್ದ ಹಾಗೆ ಬರೀರಿ," ಎಂದಳು ಅಮ್ಮ. "ಯಾರೂ ಬಳಸಲ್ಲ ಅಂತಲೂ ಸೇರಿಸಿ. ಆ ಡ್ರೈವರ್ ಹೋದ್ರೆ ಈ ಪೆಟ್ಟಿಗೆಯೂ ಹೋಗುತ್ತೆ. ನನ್ನ ಮೆಷಿನ್ ಇಲ್ಲಿಗೆ ಬರುತ್ತೆ."

"ನಾನು ಬಳಸ್ತೀನಲ್ಲ."

"ಅದನ್ನೇ ಹೇಳಿದ್ದು. ಯಾರೂ ಬಳಸಲ್ಲ."

ಅಪ್ಪ ಅಕ್ಕನ ಮಾತನ್ನೂ ಕೇಳಲಿಲ್ಲ, ಅಮ್ಮನ ಮಾತನ್ನೂ ಕೇಳಲಿಲ್ಲ. ಮಹಜರು ಮಾಡುವುದೆಂದು ತೀರ್ಮಾನಿಸಿದರು. ಮೇಷ್ಟ್ರು, ಔಷಧಿ ಅಂಗಡಿಯವರು ಇಬ್ಬರನ್ನೂ ಸಾಕ್ಷಿಗಳಾಗಿ ಕೂರಿಸಿ, ಉದ್ಯಾನದ ಮುರಿದ ಬೆಂಚಿನ ಕುರಿತ ಮೂರು ಪುಟದ ದೂರನ್ನು ಒಂದೊಂದೇ ಹಾಳೆ ಕೊಟ್ಟು ಮುದ್ರಿಸಿದರು. ಮೊದಲ ಪುಟ ಸರಿ. ಎರಡನೆಯ ಪುಟದ ತಲೆಯ ಮೇಲೆ ಮೊದಲ ಪುಟದ ಕೊನೆಯ ಸಾಲು ಇನ್ನೊಂದು ಸಲ ಬಂತು. ಮೂರನೆಯ ಪುಟದಲ್ಲೂ ಅದೇ ಕಥೆ. ನುಂಗುತ್ತಿದ್ದದ್ದು ಈಗ ಕಕ್ಕುತ್ತಿತ್ತು.

"ಎರಡೆರಡು ಸಲ ಹೇಳಿದ್ರೆ ನಗರಸಭೆಗೆ ನಾಟುತ್ತೆ," ಎಂದರು ಔಷಧಿ ಅಂಗಡಿಯವರು. "ಹೀಗೇ ಇರಲಿ ಬಿಡಿ."

ಅಪ್ಪ ಬಿಡಲಿಲ್ಲ. ಅಂದೇ ದೊಡ್ಡ ಉಸ್ತುವಾರಿಗೆ ಬರೆದರು. 'ವಿಷಯ: ನಿದ್ರಾವಸ್ಥೆಯಲ್ಲಿ ನೀಡಿದಂತೆ ಭಾವಿಸಲಾದ ಒಪ್ಪಿಗೆಯನ್ನು ಹಿಂಪಡೆಯುವ ಕುರಿತು. ಮಾನ್ಯರೇ, ಉಲ್ಲೇಖಿತ ದಿನದಂದು ನಾನು ಊಟ ಮಾಡಿ ಮಲಗಿದ್ದೆನು. ನನ್ನ ತಲೆ ಅಲುಗಿದ್ದು ಸತ್ಯ. ಅದರಲ್ಲಿ ನನ್ನ ಪಾತ್ರವಿರಲಿಲ್ಲ. ಇಂದು ಸಾಕ್ಷಿಗಳ ಸಮಕ್ಷಮ ಎಚ್ಚರದಲ್ಲಿ ಪರೀಕ್ಷಿಸಲಾಗಿ, ಎರಡನೆಯ ಪುಟದಿಂದಾಚೆಗೆ ಹಿಂದಿನ ಪುಟದ ಕೊನೆಯ ಸಾಲು ಮರುಮುದ್ರಣವಾಗುವುದು ಕಂಡುಬಂದಿದೆ. ತಿದ್ದುಪಡಿ ಸರಿಯಿಲ್ಲ. ತಿದ್ದುಪಡಿ ಮಾಡಿದವರು ನನ್ನ ಅಳಿಯಂದಿರು. ಒಳ್ಳೆಯವರು. ಅವಸರದವರು. ಪ್ರಿಂಟರನ್ನು ನಾನು ದಿನವೂ ಬಳಸುತ್ತೇನೆ.' ಮೂರೂ ಹಾಳೆಗಳ ಫೋಟೋ ಲಗತ್ತಿಸಿದರು.

ಇದು ಬಹಿರಂಗಕ್ಕೆ ಹೋದ ಸುದ್ದಿ ತಿಳಿದು ಭಾವ ಆ ದಿನವೆಲ್ಲ ಕಚೇರಿಯಲ್ಲಿ ಮೇಲ್ ತೆರೆಯಲಿಲ್ಲ. ಮೇಜಿನ ಖಾನೆಯಲ್ಲಿದ್ದ ತಮ್ಮ ಸಾಮಾನುಗಳನ್ನು ಒಂದು ಚೀಲಕ್ಕೆ ಹಾಕಿಟ್ಟುಕೊಂಡಿದ್ದರಂತೆ: ಒಂದು ಸ್ಕ್ರೂಡ್ರೈವರು, ಎರಡು ಕೇಬಲ್ಲು, ಯಾವ ಯಂತ್ರದ್ದೆಂದು ಗೊತ್ತಿಲ್ಲದ ಒಂದು ಗುಂಡಿ.

ದೊಡ್ಡ ಉಸ್ತುವಾರಿಯ ಉತ್ತರ ಬಂತು. ಇಷ್ಟು ವರ್ಷಗಳಲ್ಲಿ ಇಷ್ಟು ಸ್ಪಷ್ಟವಾದ, ಇಷ್ಟು ಪ್ರಾಮಾಣಿಕವಾದ ವರದಿಯನ್ನು ನಾನು ಓದಿಲ್ಲ ಎಂದು ಅಪ್ಪನಿಗೆ ಬರೆದಿದ್ದರು. ಭಾವನಿಗೆ ಒಂದೇ ಸಾಲು: 'ಇನ್ನು ಮುಂದೆ ಪರೀಕ್ಷಕರು ಎದ್ದಿರುವಾಗ ಕೇಳಿ.' ಅದರ ಕೆಳಗೆ ಷರತ್ತು. ಹಳೆಯ ತಿದ್ದುಪಡಿಯನ್ನು ರದ್ದು ಮಾಡಿದ್ದೇನೆ, ಅದರ ದಾಖಲೆ ಮಾತ್ರ ಉಳಿಯುತ್ತದೆ. ಈ ವಾರದೊಳಗೆ ಸರಿಯಾದದ್ದು ಬರಬೇಕು, ನಿಷ್ಪಕ್ಷಪಾತಿಯಾದ ಒಬ್ಬರು ಅದನ್ನು ಪರೀಕ್ಷಿಸಿರಬೇಕು. ಇಲ್ಲದಿದ್ದರೆ ಡ್ರೈವರೂ ಇರುವುದಿಲ್ಲ, ಅದರ ಉಸ್ತುವಾರಿಯೂ ಇರುವುದಿಲ್ಲ.

ಭಾವ ರಜಾ ಹಾಕಿ ನಮ್ಮ ಹಾಲಿನಲ್ಲಿ ಬಿಡಾರ ಹೂಡಿದರು. ಅಪ್ಪ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಹಾಳೆ ಕೊಡುವ ಕೆಲಸ ವಹಿಸಿಕೊಂಡರು. ಮೊದಮೊದಲು ಇಬ್ಬರದೂ ಒಂದೊಂದೇ ಮಾತು. 'ಹಾಳೆ' ಎಂದು ಇವರು, 'ತಗೊಳ್ಳಿ' ಎಂದು ಅವರು. ಮಹಡಿಯ ಮನೆಯವರು ಇಣುಕಿ, ಭೂಕಂಪ ಎಷ್ಟು ದಿನ ಇರುತ್ತದೆ ಎಂದು ವಿಚಾರಿಸಿಕೊಂಡು ಹೋದರು. ಕೊನೆಗೊಂದು ದಿನ ಭಾವ ಕುರ್ಚಿಗೊರಗಿ ಚಪ್ಪಾಳೆ ತಟ್ಟಿದರು.

"ಸಿಕ್ತು ಮಾವ. ಹಾಳೆ ಮುಗಿದಾಗ ಆ ಸಾಲನ್ನ ನಾನು ಹಿಡಿದಿಟ್ಟು ಮತ್ತೆ ಕಳಿಸ್ತಿದ್ದೆ. ನಡುವಿನ ಪೆಟ್ಟಿಗೆ ಆಗಲೇ ಅದನ್ನ ತಗೊಂಡಿರ್ತಿತ್ತು. ಕಳಿಸೋ ಮೊದಲು 'ನಿನಗೆ ಎಷ್ಟು ಬಂತು' ಅಂತ ಪೆಟ್ಟಿಗೇನ ಕೇಳಬೇಕಿತ್ತು."

"ಅಂದ್ರೆ, ನಿಮ್ಮ ಡ್ರೈವರ್ ಕೇಳದೇನೇ ಬಂದಿಲ್ಲ ಅಂದ್ಕೊಂಡುಬಿಡ್ತು."

"ಹೌದು ಮಾವ."

"ಯಾರ ಹಾಗೆ?"

ಭಾವ ತಲೆ ತಗ್ಗಿಸಿದರು. ಅಪ್ಪ ಹೊಟ್ಟೆ ಕುಣಿಯುವಂತೆ ನಕ್ಕರು. ಭಾವನೂ ನಕ್ಕರು. ಮದುವೆಯಾದಂದಿನಿಂದ ಅವರಿಬ್ಬರೂ ಒಟ್ಟಿಗೆ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ನನಗೆ ಬಹಳ ಸಂತೋಷವಾಯಿತು, ಅಕ್ಕ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡಳು.

ಈಗ ಉಳಿದದ್ದು ಪರೀಕ್ಷಕರ ಪ್ರಶ್ನೆ. ಅಪ್ಪ ಆಗುವಂತಿಲ್ಲ, ತಿದ್ದಿದವರು ಅಳಿಯ, ಪ್ರಿಂಟರು ತಮ್ಮದು. ಮೇಷ್ಟ್ರು, ಔಷಧಿ ಅಂಗಡಿಯವರು ಹೆಸರಿಗಾಗಿ ಬಾಯಿ ಬಿಡುತ್ತಿದ್ದವರು. ಪ್ರಿಂಟರಿನಿಂದ ಹೊಗೆ ಬಂದರೂ ಚೆನ್ನಾಗಿದೆ ಎಂದಾರು. ನಾನು ಮಾಡುತ್ತೇನೆ ಎಂದರೆ ಅಪ್ಪ, "ನೀನು ಯಾವುದನ್ನೂ ನೆಟ್ಟಗೆ ನೋಡಿದವನಲ್ಲ," ಎಂದರು. ಹಾಲಿನಲ್ಲಿ ಶತಪಥ ಹಾಕುತ್ತಾ ಯೋಚಿಸಿದರು.

"ಈ ಯಂತ್ರ ಕೆಟ್ಟು ಹೋಗಲಿ ಅಂತ ಬಯಸೋರು ಯಾರಾದ್ರೂ ಸಿಕ್ಕಿದ್ರೆ ಒಳ್ಳೇದು," ಎಂದು ಹೇಳಿ ಅಡುಗೆಮನೆಯ ಕಡೆ ನೋಡಿ ನಿಂತರು.

ಅಮ್ಮ ಕೈ ಒರೆಸಿಕೊಂಡು ಬಂದಳು. ವಿಷಯವೆಲ್ಲ ಕೇಳಿದಳು. "ಕೆಟ್ಟಿದೆ ಅಂದ್ರೆ ಪೆಟ್ಟಿಗೆ ಹೋಗುತ್ತೆ, ಅಲ್ವಾ?"

"ಹೋಗುತ್ತೆ," ಎಂದರು ಅಪ್ಪ. "ನಿನ್ನ ಅಳಿಯಂದ್ರೂ ಹೋಗ್ತಾರೆ. ಆದ್ರೆ ಸುಳ್ಳು ಹೇಳಬೇಡ. ಎರಡು ಕಡೆಗೂ."

ಅಮ್ಮ ಭಾವನನ್ನು ನೋಡಿದಳು. ಪ್ರಿಂಟರನ್ನು ನೋಡಿದಳು. "ಆಗಲಿ. ಮೂರು ಪುಟ ಬೇಕು ತಾನೆ? ಏನು ಅಚ್ಚಾಗಬೇಕು ಅಂತ ನಾನೇ ಹೇಳ್ತೀನಿ. ಯಾರೂ ಮಧ್ಯೆ ಬಾಯಿ ಹಾಕಬಾರದು."

ಅಮ್ಮ ಹೇಳುತ್ತಾ ಹೋದಳು, ಭಾವ ಟೈಪ್ ಮಾಡುತ್ತಾ ಹೋದರು. ಮೊದಲ ಸಾಲಿಗೇ ಭಾವನ ಬೆರಳು ನಿಂತಿತು. "ಅತ್ತೆ, ಇದನ್ನೂ ಹಾಕಬೇಕಾ?" ಎಂದರು.

"ಹೇಳಿದ್ದನ್ನ ಹಾಕಿ ಅಳಿಯಂದ್ರೆ. ಒಂದು ಸಾಲು ಬಿಟ್ಟರೂ ಪರೀಕ್ಷೆ ಅಲ್ಲ ಅಂತ ನೀವೇ ಅಂದಿದ್ದು."

ಸಾಕ್ಷಿಗಳು ಬಂದರು. ಮುದ್ರಣ ಶುರುವಾಯಿತು. ಅಪ್ಪನ ಮಹಜರಿನ ನಿಯಮದ ಪ್ರಕಾರ ಹಾಳೆಯಲ್ಲಿದ್ದದ್ದನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪರದೆಯ ಮೇಲೆ ತಾಳೆ ನೋಡಬೇಕು. ಓದುವ ಕೆಲಸ ಯಾವತ್ತೂ ಅಪ್ಪನದು. ಪರದೆಯ ಮುಂದೆ ಕೂತ ಮೇಷ್ಟ್ರು ಅಭ್ಯಾಸಬಲದಿಂದ ಪ್ರತಿ ಸಾಲಿಗೂ 'ಹಾಜರ್' ಎನ್ನತೊಡಗಿದರು.

"ಮದುವೆಯಾದ ಹೊಸದರಲ್ಲಿ ಸಿನಿಮಾಕ್ಕೆ ಕರೆದುಕೊಂಡು ಹೋಗಿ, ಸಿನಿಮಾ ನೋಡಿದ್ದಕ್ಕೆ ನನ್ನಿಂದ ಸಹಿ ಹಾಕಿಸಿಕೊಂಡರು," ಎಂದು ಓದಿದರು ಅಪ್ಪ.

"ಹಾಜರ್."

"ಛತ್ರಿ ತನ್ನಿ ಎಂದರೆ ಸೈಕಲ್ ಪಂಪ್ ತಂದರು. ಇವತ್ತಿನವರೆಗೂ ಸೈಕಲ್ ತಂದಿಲ್ಲ."

"ಹಾಜರ್."

"ನನ್ನ ತಂಗಿ ಬಂದಾಗಲೆಲ್ಲ ಗಡಿಯಾರದ ಕೆಳಗೆ ನಿಂತು ಆಕಳಿಸುತ್ತಾರೆ."

ಔಷಧಿ ಅಂಗಡಿಯವರು ಕೆಮ್ಮಿದ ಹಾಗೆ ಮಾಡಿ ಮುಖ ಮುಚ್ಚಿಕೊಂಡರು. ಅಪ್ಪನ ಹಣೆಯಲ್ಲಿ ಬೆವರು. ಅವರು ಆಗಲೇ ಹಾಳೆ ಕೆಳಗಿಟ್ಟು 'ಇಷ್ಟು ಸಾಕು' ಎನ್ನಬಹುದಿತ್ತು. ಯಾರೂ ಬೇಡ ಎನ್ನುತ್ತಿರಲಿಲ್ಲ. ಮುಂದೆ ನಿಂತಿದ್ದ ಭಾವನ ಮುಖವನ್ನೊಮ್ಮೆ ನೋಡಿದರು, ಕನ್ನಡಕ ಏರಿಸಿದರು, ದನಿ ಇನ್ನೂ ಎತ್ತರಿಸಿ ಓದಿದರು. ಒಂದು ಅಕ್ಷರ ಬಿಡಲಿಲ್ಲ. ನಮ್ಮಪ್ಪನ ಮೇಲೆ ನನಗೆ ಅಷ್ಟು ಅಭಿಮಾನ ಹಿಂದೆಂದೂ ಬಂದಿರಲಿಲ್ಲ.

ಮೊದಲ ಪುಟದ ಕೊನೆಯ ಸಾಲು: "ನಾನು ಏನು ಕೇಳಿದರೂ 'ಪರಿಶೀಲಿಸೋಣ' ಎನ್ನುತ್ತಾರೆ." ಹಾಜರ್. ಎರಡನೆಯ ಪುಟದ ತಲೆಯಲ್ಲಿ ಅದು ಮತ್ತೆ ಬರಲಿಲ್ಲ. ಭಾವ ಉಸಿರು ಬಿಟ್ಟರು. ಎರಡನೆಯ ಪುಟದ ಕೊನೆಯ ಸಾಲು: "ನಿವೃತ್ತಿಯ ದಿನ ಏನು ತರುತ್ತಾರೋ ಎಂದು ಬಾಗಿಲಲ್ಲೇ ನಿಂತಿದ್ದೆ. ಈ ಪೆಟ್ಟಿಗೆ ತಂದರು." ಹಾಜರ್. ಮೂರನೆಯ ಪುಟವೂ ಕೆಳಕೆಳಗೆ ಬಂತು. ಪ್ರಿಂಟರು ಕೊನೆಯ ಸಾಲನ್ನು ನುಂಗಿಬಿಡಲಿ ಎಂದು ಅಪ್ಪ ಜೀವಮಾನದಲ್ಲಿ ಮೊದಲ ಬಾರಿಗೆ ಹಾರೈಸಿದ್ದು ಆಗಲೇ ಇರಬೇಕು. ಅದು ನುಂಗಲಿಲ್ಲ. ಅಳಿಯ ಚೆನ್ನಾಗಿ ರಿಪೇರಿ ಮಾಡಿದ್ದರು.

"ಈ ಮನೆಯಲ್ಲಿ," ಎಂದು ಓದಿದರು ಅಪ್ಪ, ನಿಧಾನವಾಗಿ, "ಈ ಪೆಟ್ಟಿಗೆಯ ಕೊನೆಯ ಸಾಲಿಗೆ ಕಾದಷ್ಟು ನನ್ನ ಒಂದು ಮಾತಿಗೆ ಇವರು ಕಾದಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಮೆಲ್ಲಗೆ "ಹಾಜರ್" ಎಂದರು.

ಅಮ್ಮ ಮೂರೂ ಹಾಳೆಗಳನ್ನು ಕೈಗೆ ತೆಗೆದುಕೊಂಡು ತಲೆಯಿಂದ ಕಾಲಿನವರೆಗೆ ತಾನೇ ಮತ್ತೊಮ್ಮೆ ನೋಡಿದಳು. ಯಾವ ಸಾಲೂ ಬಿಟ್ಟಿಲ್ಲ, ಯಾವುದೂ ಎರಡು ಸಲ ಬಂದಿಲ್ಲ ಎಂದಳು. ಪೆಟ್ಟಿಗೆ ಹೋಗಲಿ ಎಂಬ ಆಸೆ ಅವಳಿಗೆ ಆಗಲೂ ಇತ್ತು. ಆದರೂ ಹಾಗೆಯೇ ಹೇಳಿದಳು. ಭಾವ 'ಪರೀಕ್ಷಿಸಿದವರು' ಎಂದು ಬರೆದು ಅತ್ತೆಯ ಹೆಸರು ಹಾಕಿ ಕಳಿಸಿದರು. ಈ ಸಲ ಕಳಿಸುವ ಮೊದಲು ಮೂರು ಸಲ ಕೇಳಿದರು. ಮಾರನೆಯ ದಿನವೇ ತಿದ್ದುಪಡಿ ಒಳಗೆ ಹೋಯಿತು. ಭಾವ ಚೀಲದಲ್ಲಿದ್ದ ಸ್ಕ್ರೂಡ್ರೈವರನ್ನೂ ಕೇಬಲ್ಲುಗಳನ್ನೂ ಗುಂಡಿಯನ್ನೂ ಮತ್ತೆ ಮೇಜಿನ ಖಾನೆಗೆ ಸೇರಿಸಿದರು.

ದೊಡ್ಡ ಉಸ್ತುವಾರಿ ಅಮ್ಮನಿಗೇ ನೇರವಾಗಿ ಬರೆದಿದ್ದರು. ಇಂಥ ಕಟ್ಟುನಿಟ್ಟಿನ ಪರೀಕ್ಷಕರು ಸಿಗುವುದು ದುರ್ಲಭ. ಪರೀಕ್ಷೆಯಿಲ್ಲದೆ ಕಾಯುತ್ತಿರುವ ಹಳೆಯ ಪ್ರಿಂಟರುಗಳು ಇನ್ನೂ ಹಲವಿವೆ, ಕಳಿಸಿಕೊಟ್ಟರೆ ನೋಡಿಕೊಡುವಿರಾ ಎಂದು ಕೇಳಿದ್ದರು. ಅಪ್ಪ ಅದನ್ನು ಅಮ್ಮನಿಗೆ ಓದಿ ಹೇಳಿದರು. ಉತ್ತರ ಬರೆಯಲು ಕೀಬೋರ್ಡಿನ ಮೇಲೆ ಬೆರಳಿಟ್ಟು, ಏನು ಬರೆಯಲಿ ಎಂದು ಕೇಳಿದರು. ಅಮ್ಮ ಬೆಳಕಿನ ಮೂಲೆಯನ್ನೊಮ್ಮೆ, ಪಡಸಾಲೆಯನ್ನೊಮ್ಮೆ ನೋಡುತ್ತಾ ಬಹಳ ಹೊತ್ತು ಯೋಚಿಸಿದಳು. ಅಪ್ಪ 'ಪರಿಶೀಲಿಸೋಣ' ಎನ್ನಲಿಲ್ಲ. ಬೆರಳು ತೆಗೆಯದೆ ಕಾದರು.

"ಕಳಿಸೋಕೆ ಹೇಳಿ," ಎಂದಳು ಅಮ್ಮ. "ನನ್ನ ಹತ್ರ ಇನ್ನೂ ಬೇಕಾದಷ್ಟು ಪುಟ ಇದೆ."